ಒಪ್ಪಿಗೆ ಸ್ಲಿಪ್ಪಿನ ಕೊನೇ ಸಾಲಿನ ಬಗ್ಗೆ: ಕೊಡಗಿನ ಹೆಡ್ ಮಾಸ್ಟರ್‌ಗಳಿಗೆ, ಸ್ಕೌಟ್ ಮಾಸ್ಟರ್‌ಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ದಳ ನಡೆಸ್ತಿರೋ ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಯವರಿಗೆ, ಮತ್ತೆ ಆ ಮಕ್ಕಳನ್ನ ಬೆಟ್ಟ ಕಾಡು ಅಂತ ಕರ್ಕೊಂಡು ಹೋಗೋ ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್‌ಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ದಕ್ಷಿಣ ಕೊಡಗಿನವನು. ನಾಲ್ಕು ಎಕರೆ ಕಾಫಿ, ಒಂದು ಹಳೇ ಜೀಪು, ಎಂಟನೇ ಕ್ಲಾಸ್ ಮಗ, ಆರನೇ ಕ್ಲಾಸ್ ಮಗಳು. ಅಕ್ಟೋಬರ್‌ನಲ್ಲಿ ಶಾಲೆಯ ಸ್ಕೌಟ್ ಹೈಕಿಗೆ ಅಂತ ಬೆಟ್ಟಕ್ಕೆ ಹೋದಾಗ ನನ್ನ ಮಗ, ಇನ್ನೊಬ್ಬ ಹುಡುಗ ದಾರಿ ತಪ್ಪಿಸ್ಕೊಂಡಿದ್ರು, ಈ ಪತ್ರ ಅದರ ಬಗ್ಗೆ. ಪತ್ರಗಿತ್ರ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಶಾಲೆ ಹೆಸರು ಹೇಳಲ್ಲ, ಬೆಟ್ಟದ ಹೆಸರೂ ಹೇಳಲ್ಲ, ಬೆಟ್ಟ ಹೇಳಿದ್ರೆ ಶಾಲೆ ಯಾವ್ದು ಅಂತ ನಮ್ಮ ಜಿಲ್ಲೇಲಿ ಐದು ನಿಮಿಷಕ್ಕೆ ಗೊತ್ತಾಗಿ ಹೋಗುತ್ತೆ, ಆಮೇಲೆ ಎಲ್ರೂ ಆ ಒಂದು ಶಾಲೆಗೆ ಬೈದು ಮನೇಗೆ ಹೋಗ್ತಾರೆ. ನಂಗೆ ಅದು ಬೇಡ. ಯಾಕಂದ್ರೆ ಅವತ್ತಿಂದ ನಾನು ಬೇರೆ ಬೇರೆ ಊರಿನ ಪರಿಚಯದವರ ಹತ್ರ ಕೇಳ್ತಾ ಬಂದೆ, ನಿಮ್ ಮಕ್ಳ ಶಾಲೇಲಿ ಹೆಂಗೆ ಅಂತ, ಹೆಚ್ಚುಕಮ್ಮಿ ಎಲ್ರೂ ಹೇಳಿದ್ದು ಒಂದೇ ಕತೆ.

ನಡೆದಿದ್ದು ಇಷ್ಟು. ಅಕ್ಟೋಬರ್‌ನಲ್ಲಿ ಒಂದು ಶನಿವಾರ ಹೈಕ್ ಅಂತ ಮಕ್ಕಳನ್ನ ಕರ್ಕೊಂಡು ಹೋದ್ರು. ಹದಿನೆಂಟು ಹುಡುಗ್ರು, ಹನ್ನೊಂದು ಹುಡುಗೀರು, ಒಟ್ಟು ಇಪ್ಪತ್ತೊಂಬತ್ತು. ಜೊತೆಗೆ ದೊಡ್ಡವರು ಅಂತ ಇದ್ದಿದ್ದು ಒಬ್ಬರೇ, ಅತಿಥಿ ಶಿಕ್ಷಕರು, ಶಾಲೆಗೆ ಬಂದು ನಾಲ್ಕು ತಿಂಗಳು ಆಗಿರ್ಬೇಕು, ಊರು ಬಯಲುಸೀಮೆ ಕಡೆ. ಆ ಹುಡುಗನಿಗೆ (ಹುಡುಗ ಅಂತಾನೇ ಹೇಳ್ತೀನಿ, ಇಪ್ಪತ್ತಾರು ವರ್ಷ) ಆ ಬೆಟ್ಟ ಹೊಸದು, ನಮ್ಮ ಮಂಜು ಹೊಸದು, ಸ್ಕೌಟಿಂಗೂ ಹೊಸದು. ಹಿಂದೆ ಇದ್ದ ಸ್ಕೌಟ್ ಮಾಸ್ಟರ್ ವರ್ಗಾವಣೆ ಆಗಿ ಹೋಗಿದ್ರು, "ನೀವು ವಯಸ್ಸಲ್ಲಿ ಚಿಕ್ಕವರು, ಇದನ್ನ ನೋಡ್ಕೊಳ್ಳಿ" ಅಂತ ಇವರ ಕೈಗೆ ವಿಸಿಲ್ಲು, ಸ್ಕಾರ್ಫು ಕೊಟ್ಟಿದ್ರು. ಟ್ರೇನಿಂಗ್ ಇಲ್ಲ ಏನಿಲ್ಲ.

ಬೆಳಿಗ್ಗೆ ಬಿಸಿಲಿತ್ತು. ಎಲ್ರೂ ಮೇಲೆ ಹತ್ತಿದಾರೆ, ಬುತ್ತಿ ತಿಂದಿದಾರೆ, ಫೋಟೋ ತೆಗ್ದಿದಾರೆ. ಎರಡೂವರೆಗೆಲ್ಲಾ ಮಂಜು ಮುಚ್ಕೊಂಡು ಸಣ್ಣಗೆ ಮಳೆ ಶುರುವಾಯ್ತಂತೆ, ಸರ್‌ಗೆ ಗಾಬರಿಯಾಗಿ ಬೇಗ ಬೇಗ ಇಳೀರಿ ಅಂತ ತಾವೇ ಮುಂದೆ ಹೊರಟಿದಾರೆ. ಮುಂದೆ ಇದ್ದ ಹುಡುಗ್ರು ಓಡಿದಾರೆ. ಹುಡುಗೀರು ನಾಲ್ಕು ಜನ ಹಿಂದೆ ಉಳಿದ್ರು. ಯಾಕೆ ಅಂತ ನಂಗೆ ಗೊತ್ತಾಗಿದ್ದು ಮೂರು ದಿನ ಆದ್ಮೇಲೆ, ಅದೂ ನನ್ನ ಹೆಂಡತಿಯಿಂದ. ಒಂದು ಮಗುಗೆ ಅವತ್ತೇ ಪೀರಿಯಡ್ಸ್ ಶುರುವಾಗಿತ್ತು. ಹೇಳ್ಕೊಳ್ಳೋಕೆ ಒಬ್ಬ ಹೆಂಗಸು ಜೊತೇಲಿ ಇಲ್ಲ. ಉಳಿದ ಮೂರು ಹುಡುಗೀರು ಅವಳ ಸುತ್ತ ನಿಂತ್ಕೊಂಡು ನಿಧಾನಕ್ಕೆ ಕರ್ಕೊಂಡು ಬರ್ತಿದ್ರು. ಸರ್ ಒಂದು ಸಲ ಹಿಂದೆ ತಿರುಗಿ ಯಾಕೆ ಲೇಟು ಅಂತ ಕೂಗಿದಾರೆ, ಇವರು ಏನಿಲ್ಲ ಸರ್ ಬರ್ತೀವಿ ಅಂದಿದಾರೆ, ಅಷ್ಟೇ.

ಮಧ್ಯದಲ್ಲಿ ಒಂದು ಕವಲು ಇದೆ. ಒಂದು ದಾರಿ ಬಸ್ ನಿಲ್ಲಿಸಿದ್ದ ಕಡೆಗೆ, ಇನ್ನೊಂದು ದೊಡ್ಡ ಎಸ್ಟೇಟಿನ ಒಳಗೆ. ನನ್ನ ಮಗ ಪೆಟ್ರೋಲ್ ಲೀಡರ್ (ಪೆಟ್ರೋಲ್ ಅಂದ್ರೆ ಆರರಿಂದ ಎಂಟು ಮಕ್ಕಳ ಗುಂಪು, ನಮ್ಮಮ್ಮ ಇವತ್ತಿಗೂ ಮೊಮ್ಮಗ ಬಂಕಲ್ಲಿ ಏನೋ ಕೆಲ್ಸ ಮಾಡ್ತಾನೆ ಅಂದ್ಕೊಂಡಿದಾರೆ). ಹಿಂದಿನವರಿಗೆ ದಾರಿ ತಪ್ಪಬಾರ್ದು ಅಂತ ಇವನು, ಇನ್ನೊಬ್ಬ ಹುಡುಗ ಇಬ್ರೂ ಕವಲಲ್ಲಿ ಕಾಯ್ತಾ ನಿಂತ್ರು. ಹುಡುಗೀರು ಮೇಲಿಂದಲೇ ಒಂದು ಅಡ್ಡದಾರಿ ಹಿಡಿದು ಬಸ್ ಹತ್ರ ಇಳಿದು ಬಿಟ್ರು, ಅದು ಇವರಿಗೆ ಗೊತ್ತಿಲ್ಲ. ಇವರು ಕಾದ್ರು, ಕಾದ್ರು, ಮುಕ್ಕಾಲು ಗಂಟೆ ಕಾದು ಆಮೇಲೆ ಮಂಜಲ್ಲಿ ಎಡ ಬಲ ತಿಳೀದೆ ಎಸ್ಟೇಟ್ ಕಡೆ ಇಳಿದ್ರು.

ತಲೆ ಎಣಿಸಿದ್ದು ಬಸ್ ಹತ್ರ, ನಾಲ್ಕೂಕಾಲಿಗೆ. ಅದಕ್ಕೂ ಮೊದ್ಲು ಎಣಿಸಿದ್ದು ಬೆಳಿಗ್ಗೆ ಶಾಲೆ ಗೇಟಲ್ಲಿ. ಇಪ್ಪತ್ತೇಳು ಬಂತು. ಮತ್ತೆ ಎಣಿಸಿದ್ರು, ಇಪ್ಪತ್ತೇಳೇ. ಸರ್ ಫೋನಲ್ಲಿ ನೆಟ್‌ವರ್ಕ್ ಇಲ್ಲ. ಪೇರೆಂಟ್ಸ್ ನಂಬರ್ ಬರೆದ ಲಿಸ್ಟ್ ಅಂತ ಒಂದು ಇತ್ತಂತೆ, ಅದು ಆಫೀಸ್ ಬೀರೂಲಿ ಭದ್ರವಾಗಿತ್ತು. ಬಸ್ ಡ್ರೈವರ್ ಎರಡು ಕಿಲೋಮೀಟರ್ ಬಸ್ ಓಡಿಸ್ಕೊಂಡು ಬಂದು ಸಿಗ್ನಲ್ ಸಿಕ್ಕ ಕಡೆ ನಿಲ್ಲಿಸಿ ತನಗೆ ಗೊತ್ತಿದ್ದ ಒಬ್ಬರಿಗೆ ಫೋನ್ ಮಾಡಿ, ಅವರು ಇನ್ನೊಬ್ಬರಿಗೆ ಮಾಡಿ, ನಂಗೆ ವಿಷ್ಯ ತಲುಪೋಷ್ಟರಲ್ಲಿ ಐದು ಗಂಟೆ ದಾಟಿತ್ತು. ಅದೇ ದಿನ ಬೆಳಿಗ್ಗೆ ನಮ್ಮ ಬೆಳೆಗಾರರ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಿತ್ತು, ಆ ಎಸ್ಟೇಟಲ್ಲಿ ಮರಿ ಸಮೇತ ಆನೆ ಹಿಂಡು ಇದೆ, ಕೆಲ್ಸದವರು ಹುಷಾರು ಅಂತ. ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹಗಲೆಲ್ಲಾ ಕಾಫಿ ಗಿಡದ ಮಧ್ಯ ಅಲ್ಲಾಡದೆ ನಿಂತಿರುತ್ವೆ, ಕತ್ತಲಾದ ಕೂಡ್ಲೆ ನಡೆಯೋಕೆ ಶುರು, ಹತ್ತು ಅಡಿ ದೂರದಲ್ಲಿದ್ರೂ ಕಾಣಲ್ಲ.

ನಾವು ಎಂಟು ಹತ್ತು ಜನ ಟಾರ್ಚು, ಪಟಾಕಿ ಎಲ್ಲಾ ತಗೊಂಡು ಜೀಪಲ್ಲಿ ಹೋದ್ವಿ. ಆ ಎರಡು ಗಂಟೆ ಹೆಂಗೆ ಕಳೀತು ಅಂತ ಬರೆಯೋಕೆ ಹೋಗಲ್ಲ.

ಸಿಕ್ಕಿದ್ದು ಏಳೂ ನಲವತ್ತಕ್ಕೆ, ಎಸ್ಟೇಟಿನ ಲೈನ್ ಮನೇಲಿ (ಕೆಲ್ಸದವರ ಸಾಲು ಮನೆ). ಅಸ್ಸಾಮಿಂದ ಕೆಲ್ಸಕ್ಕೆ ಬಂದ ಒಂದು ಸಂಸಾರ, ಭಾಷೆ ಒಂದಕ್ಷರ ಬರಲ್ಲ, ಮಕ್ಕಳನ್ನ ಒಲೆ ಮುಂದೆ ಕೂರಿಸಿ ಕರೀ ಟೀ, ಬಿಸ್ಕೆಟ್ ಕೊಟ್ಟಿದ್ರು. ನನ್ನ ಮಗ ಅಲ್ಲಿಗೆ ಬಂದ್ಮೇಲೆ ಮುಂದೆ ಹೋಗಲ್ಲ ಅಂತ ತೀರ್ಮಾನ ಮಾಡಿದ್ದನಂತೆ. ಬಾಗ್ಲಲ್ಲಿ ನಿಂತು ಹತ್ತು ನಿಮಿಷಕ್ಕೊಂದು ಸಲ ವಿಸಿಲ್ ಊದ್ತಿದ್ದ, ಮೂರು ಸಲ ಊದಿ ನಿಲ್ಲಿಸೋದು, ಮತ್ತೆ ಮೂರು ಸಲ. ಆ ವಿಸಿಲ್ ಕೇಳಿಯೇ ತೋಟದ ರೈಟರ್ (ಲೆಕ್ಕ ಬರೆಯೋರು) ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು. ಜೊತೇಲಿದ್ದ ಹುಡುಗನ ಕಾಲು ಉಳುಕಿತ್ತು, ಅದಕ್ಕೆ ತನ್ನ ಸ್ಕಾರ್ಫ್ ಬಿಚ್ಚಿ ಕಟ್ಟಿದ್ದ, ಸರಿಯಾಗೇ ಕಟ್ಟಿದ್ದ. ಯಾರು ಹೇಳ್ಕೊಟ್ಟಿದ್ದು ಅಂತ ಕೇಳ್ದೆ. "ಹಳೇ ಸರ್" ಅಂದ. ವರ್ಗಾವಣೆ ಆಗಿ ಹೋದವರು.

ದಾರಿ ತಪ್ಪಿದ್ರೆ ಒಂದು ಕಡೆ ನಿಲ್ಲು, ಸಿಗ್ನಲ್ ಕೊಡು, ಪೆಟ್ಟಾದವನನ್ನ ನೋಡ್ಕೋ. ಸ್ಕೌಟಿಂಗ್ ಹದಿಮೂರು ವರ್ಷದ ಹುಡುಗನಿಗೆ ಏನು ಕಲಿಸ್ಬೇಕಿತ್ತೋ ಅದನ್ನ ಕಲಿಸಿತ್ತು, ಅವನು ಅದನ್ನ ಮಾಡ್ದ. ಮಾಡದೇ ಇದ್ದವರು ನಾವು, ದೊಡ್ಡವರು.

ನಾವು ಅಂತ ಯಾಕೆ ಅಂದೆ ಅಂದ್ರೆ, ಹೈಕಿಗೆ ಒಂದು ವಾರ ಮುಂಚೆ ಮನೆಗೆ ಒಂದು ಒಪ್ಪಿಗೆ ಸ್ಲಿಪ್ ಬಂದಿತ್ತು. ಅರ್ಧ ಶೀಟ್ ಜೆರಾಕ್ಸ್. ಕೊನೇ ಸಾಲು: "ಹೈಕ್ ಸಂದರ್ಭದಲ್ಲಿ ಯಾವುದೇ ಅನಾಹುತ ಸಂಭವಿಸಿದಲ್ಲಿ ಅದಕ್ಕೆ ಶಾಲೆಯಾಗಲೀ ಶಿಕ್ಷಕರಾಗಲೀ ಜವಾಬ್ದಾರರಲ್ಲ." ಅದರ ಕೆಳಗೆ ಪೋಷಕರ ಸಹಿ. ನಾನು ಹಾಕ್ದೆ. ಓದಿದ್ನಾ ಅಂದ್ರೆ ಇಲ್ಲ, ಗೊಬ್ಬರದ ಲಾರಿ ಬಂದು ನಿಂತಿತ್ತು, ಮಗ ಪೆನ್ ಹಿಡ್ಕೊಂಡು ಓಡಿ ಬಂದ, ಜೀಪಿನ ಬಾನೆಟ್ ಮೇಲಿಟ್ಟು ಗೀಚಿ ಕೊಟ್ಟೆ. ಆ ಸ್ಲಿಪ್ಪಲ್ಲಿ ಇನ್ನೇನೂ ಇರ್ಲಿಲ್ಲ ನೋಡಿ. ಮಗುಗೆ ಅಲರ್ಜಿ ಇದ್ಯಾ, ವೀಸಿಂಗ್ ಇದ್ಯಾ, ಫಿಟ್ಸ್ ಇದ್ಯಾ, ಏನು ಮಾತ್ರೆ ತಗೊಳ್ತಾನೆ, ಅರ್ಜೆಂಟಾದ್ರೆ ಯಾರಿಗೆ ಫೋನ್ ಮಾಡ್ಬೇಕು, ಒಂದೂ ಕೇಳಿರ್ಲಿಲ್ಲ. ಆ ಇಪ್ಪತ್ತೊಂಬತ್ತರಲ್ಲಿ ಒಂದು ಮಗುಗೆ ಇನ್ಹೇಲರ್ ಬೇಕಾಗುತ್ತೆ, ಸರ್‌ಗೆ ಗೊತ್ತೇ ಇರ್ಲಿಲ್ಲ. ಕೇಳ್ಬೇಕಾಗಿದ್ದನ್ನ ಕೇಳದೆ, ನಾವು ಜವಾಬ್ದಾರರಲ್ಲ ಅನ್ನೋದನ್ನ ಮಾತ್ರ ನೆನಪಿಟ್ಟು ಟೈಪ್ ಮಾಡಿಸಿದ ಕಾಗದ ಅದು.

ಸೋಮವಾರ ಶಾಲೇಲಿ ಮೀಟಿಂಗ್ ಆಯ್ತು. ಮಕ್ಳು ಸೇಫಾಗಿ ಬಂದ್ರಲ್ಲಾ, ದೊಡ್ಡದು ಮಾಡೋದು ಬೇಡ, ಶಾಲೆ ಹೆಸರು ಪ್ರಶ್ನೆ ಅಂದ್ರು. ಆಮೇಲೆ ಆ ಅತಿಥಿ ಶಿಕ್ಷಕರ ಹತ್ರ ಎಲ್ರ ಮುಂದೆ ಕ್ಷಮಾಪಣೆ ಪತ್ರ ಬರೆಸಿದ್ರು. ಆ ಹುಡುಗನ ಕೈ ನಡುಗ್ತಿತ್ತು. ನಂಗೆ ಶನಿವಾರ ಬಂದ ಸಿಟ್ಟು ಅಲ್ಲಿಗೆ ಇಳೀತು, ಬೇರೆ ಸಿಟ್ಟು ಬಂತು. ಇವನಿಗೆ ಗೊತ್ತಿಲ್ಲದ ಕೆಲ್ಸ ಕೊಟ್ಟಿದ್ಯಾರು? ಇಪ್ಪತ್ತೊಂಬತ್ತು ಮಕ್ಕಳ ಜೊತೆ ಒಬ್ಬನನ್ನೇ ಕಳಿಸಿದ್ಯಾರು? ಅವರ ಕ್ಷಮಾಪಣೆ ಎಲ್ಲಿ?

ಇಷ್ಟು ಹೇಳೋಕೆ ನಂಗೇನು ಹಕ್ಕಿದೆ ಅಂತ ಕೇಳ್ಬಹುದು. ನಾನೂ ಸ್ಕೌಟ್ ಆಗಿದ್ದವನು, ತೊಂಬತ್ತರ ದಶಕದ ಶುರುವಲ್ಲಿ, ಖಾಕಿ ಚಡ್ಡಿ ಹಾಕ್ಕೊಂಡು. ನಮ್ಮ ಸ್ಕೌಟ್ ಮಾಸ್ಟರ್ ಕುತ್ತಿಗೇಲಿ ದಾರಕ್ಕೆ ಪೋಣಿಸಿದ ಎರಡು ಮರದ ಮಣಿ ಇರ್ತಿತ್ತು. ಹಿಮಾಲಯ ವುಡ್ ಬ್ಯಾಡ್ಜ್ ಅಂತಾರೆ ಅದಕ್ಕೆ, ದೊಡ್ಡವರ ಟ್ರೇನಿಂಗ್ ಪೂರ್ತಿ ಮುಗಿಸಿದವರಿಗೆ ಕೊಡೋದು. ಆ ಮಣಿ ಪದ್ಧತಿ ಶುರುವಾಗಿದ್ದು 1919ರಲ್ಲಿ, ಲಂಡನ್ ಹತ್ರ ಗಿಲ್‌ವೆಲ್ ಪಾರ್ಕ್ ಅನ್ನೋ ಜಾಗದಲ್ಲಿ. ಸ್ಕೌಟಿಂಗ್ ಶುರುವಾಗಿ ಹನ್ನೆರಡು ವರ್ಷಕ್ಕೇ ಅದನ್ನ ಹುಟ್ಟುಹಾಕಿದ ಬೇಡನ್ ಪೊವೆಲ್‌ಗೆ ಗೊತ್ತಾಗಿತ್ತು, ಮಕ್ಕಳಿಗೆ ಕಲಿಸಿದ್ರೆ ಸಾಲಲ್ಲ, ಕರ್ಕೊಂಡು ಹೋಗೋ ದೊಡ್ಡವರಿಗೂ ಕಲಿಸ್ಬೇಕು ಅಂತ. ನಮ್ಮಲ್ಲೂ ಅದೇ ಸಾಲು ಇದೆ, ಬೇಸಿಕ್ ಕೋರ್ಸ್, ಅಡ್ವಾನ್ಸ್‌ಡ್ ಕೋರ್ಸ್, ಆಮೇಲೆ ವುಡ್ ಬ್ಯಾಡ್ಜ್. ದೊಡ್ಡಬಳ್ಳಾಪುರದಲ್ಲಿ ಕ್ಯಾಂಪ್ ಜಾಗ ಇದೆ, ಹರಿಹರದ ಹತ್ರ ಕೊಂಡಜ್ಜೀಲಿ ಇದೆ, ದೇಶಕ್ಕೆಲ್ಲಾ ಅಂತ ಪಚ್‌ಮಢೀಲಿ ಇದೆ. ಕಲಿಯೋಕೆ ಜಾಗ ಇಲ್ಲ ಅಂತ ಯಾರೂ ಹೇಳಂಗಿಲ್ಲ.

ನಮ್ಮ ಸರ್ ದೇವ್ರು ಅಂತ ಹೇಳ್ತಿಲ್ಲ. ಕಪಾಳಕ್ಕೆ ಬಿಡ್ತಿದ್ರು, ಒಂದ್ಸಲ ಗಂಟು ತಪ್ಪು ಹಾಕಿದ್ದಕ್ಕೆ ಹಗ್ಗದಲ್ಲೇ ಬಾರಿಸಿದ್ರು, ಇವತ್ತಾಗಿದ್ರೆ ನಾನೇ ಹೋಗಿ ಕಂಪ್ಲೇಂಟ್ ಕೊಡ್ತಿದ್ದೆ, ಶಿಕ್ಷಣ ಹಕ್ಕು ಕಾಯ್ದೆ ಬಂದ್ಮೇಲೆ ಮಕ್ಕಳಿಗೆ ಹೊಡೆಯೋದು ಕಾನೂನಲ್ಲೇ ಇಲ್ಲ. ಆದ್ರೆ ಹೈಕಲ್ಲಿ ಅವರು ನಡೀತಿದ್ದಿದ್ದು ಯಾವಾಗ್ಲೂ ಎಲ್ರಿಗಿಂತ ಹಿಂದೆ. ಮುಂದೆ ಯಾರೋ ದಾರಿ ಗೊತ್ತಿರೋ ರೋವರ್ ಹುಡುಗ (ಸ್ಕೌಟ್ ವಯಸ್ಸು ದಾಟಿದವನು), ಮಧ್ಯದಲ್ಲಿ ನಾವು, ಹಿಂದೆ ಸರ್, ಕುಂಟೋರು ಅಳೋರು ಎಲ್ಲಾ ಅವರ ಜೊತೆ. ತೊರೆ ದಾಟಿದ್ರೆ ಎಣಿಸೋರು, ಕವಲು ಬಂದ್ರೆ ಎಣಿಸೋರು, ಊಟಕ್ಕೆ ಕೂತ್ರೆ ಎಣಿಸೋರು. ನಮಗೆ ಬೇಜಾರಾಗಿ ಈ ಸರ್‌ಗೆ ಲೆಕ್ಕ ಬರಲ್ವೇನೋ ಅಂತ ನಗ್ತಿದ್ವಿ. ಒಂದು ಸಲ ತಡಿಯಂಡಮೋಳ್ ಹತ್ತೋಕೆ ಅಂತ ಹೋಗಿ ನಾಲ್ಕುನಾಡು ಅರಮನೆ ಹತ್ರಾನೇ ಮೋಡ ನೋಡಿ ವಾಪಸ್ ತಿರುಗಿಸಿದ್ರು. ನಾವು ಅತ್ತಿದ್ವಿ. ಎರಡು ತಿಂಗಳಿಂದ ಕಾಯ್ತಿದ್ವಿ, ಅಲ್ಲಿಗೆ ಬಂದು ಬೇಡ ಅಂದ್ಬಿಟ್ರಲ್ಲಾ ಅಂತ. ಆ ಬೆಟ್ಟ 1748 ಮೀಟರ್, ಜಿಲ್ಲೇಲಿ ಅದಕ್ಕಿಂತ ಎತ್ತರದ್ದಿಲ್ಲ, ಮೇಲೆ ಮಂಜು ಕವಿದ್ರೆ ನಮ್ಮ ಕೈ ನಮಗೇ ಕಾಣಲ್ಲ ಅಂತ ಆಮೇಲೆ ದೊಡ್ಡವನಾಗಿ ಹತ್ತಿದಾಗ ಅರ್ಥ ಆಯ್ತು.

ಅದಕ್ಕೇ ಹೇಳೋದು, ಸ್ಕೌಟ್ ಮಾಸ್ಟರ್ ಕೆಲ್ಸದಲ್ಲಿ ಅರ್ಧ ಭಾಗ ಬೇಡ ಅನ್ನೋದೇ. ಬೇರೆ ಜಿಲ್ಲೆಗಿಂತ ನಮ್ಮಲ್ಲಿ ಜಾಸ್ತಿ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಹೆಂಗೆ ಜಾರಿತು ಅಂತ ನೋಡಿದೀವಿ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ ಮೇಲೆ ಬ್ರಹ್ಮಗಿರಿ. ಚೇಲಾವರದ ಜಲಪಾತದಲ್ಲಿ ಈಜೋಕಿಳಿದು ಜೀವ ಕಳ್ಕೊಂಡ ಹುಡುಗ್ರ ಬಗ್ಗೆ ಪೇಪರಲ್ಲಿ ಓದಿದೀವಿ. ಮಳೆಗಾಲದಲ್ಲಿ ಡಿಸಿ ಸಾಹೇಬ್ರು ಶಾಲೆಗೆ ರಜೆ ಕೊಟ್ರೆ ಮಕ್ಳು ಕುಣೀತಾವೆ, ಅವತ್ತೇ ಬೆಟ್ಟಕ್ಕೆ ಕರ್ಕೊಂಡು ಹೋಗಿ ಅಂತ ಹಟ ಮಾಡುವ ಮಕ್ಕಳೂ ಇರ್ತಾವೆ. ಅದು ಮಕ್ಕಳ ಕೆಲ್ಸ. ಬೇಡ ಅನ್ನೋದು ದೊಡ್ಡವರ ಕೆಲ್ಸ. ಹೆಡ್ ಮಾಸ್ಟರ್ ಬಸ್ ಬುಕ್ ಆಗಿದೆ ದುಡ್ಡು ಹೋಗುತ್ತೆ ಅಂದ್ರೂ ಬೇಡ ಅನ್ನಬೇಕು. ಆದ್ರೆ ಗೌರವಧನದ ಮೇಲೆ ಇರೋ ಒಬ್ಬ ಅತಿಥಿ ಶಿಕ್ಷಕ, ಮುಂದಿನ ವರ್ಷ ಕೆಲ್ಸ ಇರುತ್ತೋ ಇಲ್ವೋ ಗೊತ್ತಿಲ್ಲದವನು, ಹೆಡ್ ಮಾಸ್ಟರ್ ಎದುರು ಬೇಡ ಅಂತಾನಾ? ಇದನ್ನ ನೀವೇ ಯೋಚ್ನೆ ಮಾಡಿ ಸ್ವಾಮಿ.

ಇನ್ನೊಂದು ಮಾತು, ಇದು ನಂಗೆ ಬಾಳಾ ದಿನದಿಂದ ಕೊರೀತಿದೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ತನ್ನನ್ನ ತಾನೇ ಸ್ವಯಂಸೇವಾ ಚಳವಳಿ ಅಂತ ಕರ್ಕೊಳ್ಳುತ್ತೆ. 1950ರ ನವೆಂಬರ್ 7ಕ್ಕೆ ಬೇರೆ ಬೇರೆ ಸಂಸ್ಥೆಗಳು ಸೇರಿ ಒಂದಾದಾಗಿಂದ ಅದೇ ಮಾತು. ಸ್ವಂತ ಇಷ್ಟದಿಂದ ಬರೋರು ಮಾಡೋ ಕೆಲ್ಸ ಅಂತ ಅರ್ಥ ತಾನೇ? ಆಫೀಸ್ ಆರ್ಡರ್ ಮಾಡಿ ಸ್ವಯಂಸೇವಕರನ್ನ ಹುಟ್ಟಿಸೋಕಾಗುತ್ತಾ? ಯಾರು ಹೊಸಬರು, ಯಾರಿಗೆ ಇಲ್ಲ ಅನ್ನೋಕೆ ಧೈರ್ಯ ಇಲ್ಲ, ಅವರ ತಲೆಗೆ ಕಟ್ಟೋದು. ಅವರು ಆಗಸ್ಟ್ 15ಕ್ಕೆ ಪರೇಡ್ ಮಾಡಿಸ್ತಾರೆ, ಇನ್ಸ್‌ಪೆಕ್ಷನ್‌ಗೆ ಫೈಲ್ ರೆಡಿ ಮಾಡ್ತಾರೆ, ರಾಜ್ಯ ಪುರಸ್ಕಾರಕ್ಕೆ (ಸ್ಕೌಟ್ ಮಕ್ಕಳಿಗೆ ರಾಜ್ಯ ಮಟ್ಟದ ಪ್ರಶಸ್ತಿ) ಇಷ್ಟು ಮಕ್ಳು ಅಂತ ಲೆಕ್ಕ ತೋರಿಸ್ತಾರೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ರಾಜ್ಯ ಪುರಸ್ಕಾರಕ್ಕೆ ಬರ್ಬೇಕು, ಮಧ್ಯ ವರ್ಷಗಳು ಬೇಕು, ಆದ್ರೆ ನಾನು ಕಣ್ಣಾರೆ ನೋಡಿದ್ದು ಬೇರೆ. ಲಾಗ್ ಬುಕ್ಕನ್ನ ಹಿಂದಿನ ವರ್ಷದ ಮಗುವಿಂದ ತಂದು ಅಕ್ಷರಕ್ಕಕ್ಷರ ಕಾಪಿ ಹೊಡೆಯೋದು, ಅಡುಗೆ ಮಾಡದೇ ಅಡುಗೆ ಮಾಡಿದ ಫೋಟೋ, ಗಂಟು ಹಾಕಿದ್ದು ಸರ್, ಹಗ್ಗ ಹಿಡ್ಕೊಂಡು ನಿಂತಿದ್ದು ಹುಡುಗ. ಪೋಷಕರೂ ಕಮ್ಮಿ ಇಲ್ಲ. ಪಕ್ಕದ ಮನೆ ಮಗುಗೆ ಸರ್ಟಿಫಿಕೇಟ್ ಬಂತು ನಮ್ಮದಕ್ಕೆ ಯಾಕಿಲ್ಲ ಅಂತ ಶಾಲೆಗೆ ಬಂದು ಜಗಳ ಆಡ್ತಾರೆ. ನನ್ನ ಮಗಳ ಪುಸ್ತಕಕ್ಕೆ ರಾತ್ರಿ ಹನ್ನೊಂದು ಗಂಟೇಗೆ ಎಲೆ ಅಂಟಿಸಿ ಹೆಸ್ರು ಬರೆದವನು ನಾನೇ. ಸ್ಕೌಟ್ ನಿಯಮದಲ್ಲಿ ಒಂಬತ್ತು ಅಂಶ, ಮೊದಲ್ನೇದೇ ನಂಬಿಕೆಗೆ ಅರ್ಹನಾಗಿರ್ಬೇಕು ಅನ್ನೋದು. ಪ್ರತಿಜ್ಞೆ ಮಕ್ಕಳು ಮಾತ್ರ ತಗೊಳ್ಳೋದಲ್ಲ, ಲೀಡರ್ ಕೂಡ ಅದೇ ಮೂರು ಬೆರಳು ಎತ್ತಿ ತಗೊಳ್ಳೋದು.

ಹಾಗಂತ ಎಲ್ಲಾನೂ ದೊಡ್ಡವರೇ ಹಿಡ್ಕೊಂಡು ಮಾಡಿಸ್ಬೇಕು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಈ ಘಟನೆ ಆದ್ಮೇಲೆ ಕೆಲವು ಪೋಷಕರು ಹೈಕೇ ಬೇಡ, ಕ್ಯಾಂಪೇ ಬೇಡ, ಗ್ರೌಂಡಲ್ಲೇ ಮಾಡ್ಸಿ ಸಾಕು ಅಂದ್ರು. ನಾನು ಒಪ್ಪಲ್ಲ. 1907ರ ಆಗಸ್ಟಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗಿನ ಮೊದಲ ಕ್ಯಾಂಪ್ ಮಾಡಿದಾಗ ಇಪ್ಪತ್ತು ಚಿಲ್ಲರೆ ಹುಡುಗ್ರು, ಶ್ರೀಮಂತರ ಮನೆಯವರು ಕೂಲಿ ಮಾಡೋರ ಮನೆಯವರು ಎಲ್ಲಾ ಸೇರಿಸಿ ನಾಲ್ಕು ಪೆಟ್ರೋಲ್ ಮಾಡಿ, ಅವರಲ್ಲೇ ಒಬ್ಬೊಬ್ಬನನ್ನ ಲೀಡರ್ ಮಾಡಿ ಬಿಟ್ಟಿದ್ರು. ಮಕ್ಕಳೇ ಮಕ್ಕಳನ್ನ ನಡೆಸ್ಬೇಕು ಅನ್ನೋದೇ ಅದರ ಜೀವ. ಆದ್ರೆ ಆ ಕ್ಯಾಂಪಲ್ಲಿ ಬೇಡನ್ ಪೊವೆಲ್ ಒಬ್ಬರೇ ಇರ್ಲಿಲ್ಲ, ಸಹಾಯಕ್ಕೆ ಅಂತ ಬೇರೆ ದೊಡ್ಡವರೂ ಇದ್ರು. ಸೈನ್ಯ ನಡೆಸಿದ ಮನುಷ್ಯ, ಅಷ್ಟು ಸಣ್ಣ ಗುಂಪಿಗೆ ಒಬ್ಬನೇ ಸಾಕು ಅಂದ್ಕೊಳ್ಳಲಿಲ್ಲ. ನಾವು ನೂರು ವರ್ಷ ಆದ್ಮೇಲೆ ಇಪ್ಪತ್ತೊಂಬತ್ತಕ್ಕೆ ಒಬ್ಬ ಅತಿಥಿ ಶಿಕ್ಷಕ ಸಾಕು ಅಂತೀವಿ.

ನನ್ನ ಮಗ ಕವಲಲ್ಲಿ ನಿಂತು ಕಾದಿದ್ದು ತಪ್ಪಾ? ಅಲ್ಲ. ಅದು ಲೀಡರ್ ಮಾಡ್ಬೇಕಾದ ಕೆಲ್ಸವೇ. ಅವನು ಕಾಯ್ತಿದ್ದಾನೆ ಅನ್ನೋದು ದೊಡ್ಡವರಿಗೆ ಗೊತ್ತಿರ್ಬೇಕಿತ್ತು, ಅಷ್ಟೇ. ಮಕ್ಕಳಿಗೆ ಬಿಡೋದು ಬೇರೆ, ಮಕ್ಕಳನ್ನ ಬಿಟ್ಟು ಹೋಗೋದು ಬೇರೆ.

ಎರಡನೇ ದೊಡ್ಡವರು ಇರ್ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ನಮ್ಮಲ್ಲಿ ಬಾಯಿ ಬಿಟ್ಟು ಹೇಳಲ್ಲ, ನಾನು ಹೇಳ್ತೀನಿ. ಪ್ರಪಂಚದ ಸ್ಕೌಟ್ ಸಂಸ್ಥೆ ಮಕ್ಕಳ ರಕ್ಷಣೆಗೆ ಅಂತಾನೇ ಸೇಫ್ ಫ್ರಮ್ ಹಾರ್ಮ್ ಅನ್ನೋ ನೀತಿ ಇಟ್ಕೊಂಡಿದೆ. ಒಬ್ಬ ದೊಡ್ಡವರು ಒಂದು ಮಗು ಜೊತೆ ಮುಚ್ಚಿದ ಬಾಗ್ಲ ಹಿಂದೆ ಇರಬಾರ್ದು, ಒಂದೇ ಟೆಂಟಲ್ಲಿ ಮಲಗಬಾರ್ದು, ರಾತ್ರಿ ಹೊತ್ತು ಒಂದು ಮಗುಗೆ ಮಾತ್ರ ಪ್ರತ್ಯೇಕ ಮೆಸೇಜ್ ಮಾಡಬಾರ್ದು, ಮೆಸೇಜ್ ಏನಿದ್ರೂ ಗ್ರೂಪಲ್ಲಿ, ಪೋಷಕರು ಇರೋ ಗ್ರೂಪಲ್ಲಿ. ಇದು ಮಗುವಿಗೆ ಎಷ್ಟು ರಕ್ಷಣೆಯೋ ಒಳ್ಳೆ ಮಾಸ್ಟರ್‌ಗೂ ಅಷ್ಟೇ ರಕ್ಷಣೆ, ನಾಳೆ ಯಾರಾದ್ರೂ ಸುಮ್ಮನೆ ಒಂದು ಮಾತು ಎತ್ತಿದ್ರೆ ಸಾಕ್ಷಿಗೆ ಇನ್ನೊಬ್ಬರು ಇರ್ತಾರೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸ್ಲೇಬೇಕು, ಶಾಲೆ ಮಾನ ಹೋಗುತ್ತೆ ಅಂತ ಮುಚ್ಚಿಟ್ರೆ ಅದೇ ಅಪರಾಧ. 1098 ಅನ್ನೋ ಮಕ್ಕಳ ಸಹಾಯವಾಣಿ ನಂಬರ್ ಪ್ರತಿ ಕ್ಯಾಂಪಲ್ಲಿ ಮಕ್ಕಳಿಗೆ ಕಾಣೋ ಹಾಗೆ ಬರೆದಿರ್ಬೇಕು. ಮಗುಗೆ ಒಳ್ಳೆ ಸರ್ ಯಾರು, ಕೆಟ್ಟ ಸರ್ ಯಾರು ಅಂತ ಹಣೆ ಮೇಲೆ ಬರೆದಿರಲ್ಲ.

ಹುಡುಗೀರು ಹೋಗೋ ಕಡೆ ಹೆಂಗಸ್ರು ಇರ್ಲೇಬೇಕು. ಇದಕ್ಕೆ ವಾದ ಬೇಡ. ಅವತ್ತು ಒಬ್ಬ ಟೀಚರಮ್ಮ ಜೊತೇಲಿದ್ದು, ಬ್ಯಾಗಲ್ಲಿ ಎರಡು ಪ್ಯಾಡ್ ಇಟ್ಕೊಂಡಿದ್ರೆ ಇಡೀ ಕತೆ ನಡೀತಾನೇ ಇರ್ಲಿಲ್ಲ. ಫಸ್ಟ್ ಏಡ್ ಬಾಕ್ಸ್ ಇತ್ತಂತೆ, ಆಮೇಲೆ ನಾನು ತೆಗ್ದು ನೋಡ್ದೆ, ಒಣಗಿದ ಹತ್ತಿ, ಡೇಟ್ ಮುಗಿದ ಮುಲಾಮು, ಒಂದು ಕತ್ತರಿ. ಪ್ಯಾಡ್ ಇರ್ಲಿಲ್ಲ. ಉಪ್ಪೂ ಇರ್ಲಿಲ್ಲ! ಕೊಡಗಲ್ಲಿ ಬೆಟ್ಟ ಹತ್ತೋಕೆ ಹೋಗಿ ಜಿಗಣೆಗೆ ಉಪ್ಪು ತಗೊಂಡು ಹೋಗಿಲ್ಲ ಅಂದ್ರೆ ಏನು ಹೇಳೋದು.

ಈಗ ನನ್ನ ಬೇಡಿಕೆಗೆ ಬರ್ತೀನಿ, ದೊಡ್ಡದೇನಲ್ಲ.

ಹೆಡ್ ಮಾಸ್ಟರ್‌ಗಳೇ, ಆರ್ಡರ್ ಮಾಡ್ಬೇಡಿ, ಕೇಳಿ. ಸ್ಟಾಫ್ ಮೀಟಿಂಗಲ್ಲಿ ಯಾರಿಗೆ ಆಸಕ್ತಿ ಇದೆ ಅಂತ ಕೇಳಿ, ಯಾರೂ ಕೈ ಎತ್ತಲಿಲ್ಲ ಅಂದ್ರೆ ಒಂದು ವರ್ಷ ದಳ ನಿಲ್ಲಿಸಿ, ಯಾರೂ ಸಾಯಲ್ಲ. ಕೈ ಎತ್ತಿದವರನ್ನ ಮೊದ್ಲು ಬೇಸಿಕ್ ಕೋರ್ಸಿಗೆ ಕಳ್ಸಿ, ಓಓಡಿ ಕೊಡಿ (ರಜೆ ಅಲ್ಲ, ಡ್ಯೂಟಿ ಅಂತಾನೇ ಲೆಕ್ಕ), ಓಡಾಡೋ ಖರ್ಚು ಕೊಡಿ, ಅವರ ಪಾಠ ಬೇರೆಯವರ ಹತ್ರ ಮಾಡ್ಸಿ, ಹೋಗಿ ಬಂದ್ಮೇಲೆ ವಾರಕ್ಕೆ ಒಂದು ಪೀರಿಯಡ್ ಆದ್ರೂ ಟೈಮ್ ಟೇಬಲ್ಲಲ್ಲಿ ಇಟ್ಕೊಡಿ. ಅದಾಗೋ ತನಕ ಮಕ್ಕಳನ್ನ ಗೇಟ್ ದಾಟಿಸ್ಬೇಡಿ. ಹೊರಗೆ ಹೋಗೋದಾದ್ರೆ ಕಮ್ಮಿ ಅಂದ್ರೂ ಇಬ್ಬರು ದೊಡ್ಡವರು, ಹುಡುಗೀರಿದ್ರೆ ಅದರಲ್ಲಿ ಒಬ್ಬರು ಹೆಂಗಸು, ಮತ್ತೆ ಆ ದಾರಿ ಗೊತ್ತಿರೋ ಊರವರು ಒಬ್ಬರು. ದುಡ್ಡು ಕೊಟ್ಟು ಕರೆಸ್ಬೇಕು ಅಂತಿಲ್ಲ, ನಮ್ಮಂಥವರನ್ನ ಕರೀರಿ, ಬರ್ತೀವಿ. ಅರಣ್ಯ ಇಲಾಖೆಯವರ ಪರ್ಮಿಷನ್ ಬೇಕಾದ ಕಡೆ ತಗೊಳ್ಳಿ, ಬೇಡದ ಕಡೆಯೂ ಹಿಂದಿನ ದಿನ ಒಂದು ಫೋನ್ ಮಾಡಿ ಆನೆ ಎಲ್ಲಿದೆ ಅಂತ ಕೇಳಿ.

ಸ್ಕೌಟ್ ಮಾಸ್ಟರ್, ಕ್ಯಾಪ್ಟನ್‌ಗಳೇ, ನಿಮ್ಮ ಜೇಬಲ್ಲಿ ಒಂದು ಕಾಗದ ಇರ್ಲಿ, ಮಕ್ಕಳ ಹೆಸ್ರು, ಪೋಷಕರ ನಂಬರ್, ಯಾರಿಗೆ ಏನು ಕಾಯಿಲೆ, ಹತ್ತಿರದ ಆಸ್ಪತ್ರೆ ಯಾವ್ದು. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಕೊಳ್ಳಿ, ಫೋನ್ ನಂಬ್ಕೋಬೇಡಿ. ಅದರ ಇನ್ನೊಂದು ಕಾಪಿ ಊರಲ್ಲಿ ಒಬ್ಬರ ಹತ್ರ ಇರ್ಲಿ, ಇಷ್ಟು ಗಂಟೆಗೆ ನನ್ನ ಫೋನ್ ಬರ್ಲಿಲ್ಲ ಅಂದ್ರೆ ಹೊರಡಿ ಅಂತ ಹೇಳಿಟ್ಟು ಹೋಗಿ. ಹಿಂದೆ ನಡೀರಿ. ಎಣಿಸಿ. ಹಾವು ಕಚ್ಚಿದ್ರೆ ಬ್ಲೇಡಲ್ಲಿ ಕೊಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು ಯಾವ್ದೂ ಮಾಡ್ಬೇಡಿ, ಅಲ್ಲಾಡಿಸದೆ ಎತ್ಕೊಂಡು ಆಸ್ಪತ್ರೆಗೆ ಹೋಗಿ. ಮತ್ತೆ ನಿಮಗೆ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳಿ, ನಾಚಿಕೆ ಇಲ್ಲ ಅದರಲ್ಲಿ. ಹೇಳಿದ್ದಕ್ಕೆ ಯಾರಾದ್ರೂ ನಿಮಗೆ ತೊಂದ್ರೆ ಕೊಟ್ರೆ ನಮಗೆ ಹೇಳಿ, ಆಫೀಸಿಗೆ ನಾವು ಬರ್ತೀವಿ, ಈ ಸಲ ನಿಮ್ಮ ಪರವಾಗಿ.

ನನ್ನ ಥರದ ಪೋಷಕರಿಗೂ ಒಂದು ಮಾತು, ಬಾನೆಟ್ ಮೇಲಿಟ್ಟು ಸೈನ್ ಹಾಕ್ಬೇಡಿ.

ಆ ಅತಿಥಿ ಶಿಕ್ಷಕರು ಕೆಲ್ಸ ಬಿಟ್ಟು ಊರಿಗೆ ಹೋದ್ರು. ಹೋಗೋ ಮುಂಚೆ ನಮ್ಮ ಮನೆಗೆ ಬಂದಿದ್ರು. ನನ್ನ ಹೆಂಡತಿ ಊಟ ಹಾಕಿದ್ಲು, ಮಗ ಅವರಿಗೆ ವಿಸಿಲ್ ಊದೋದು ಹೆಂಗೆ ಅಂತ ತೋರಿಸ್ದ, ಅವರು ನಕ್ರು. ಅವರನ್ನ ಒಂದು ವಾರ ಟ್ರೇನಿಂಗಿಗೆ ಕಳ್ಸಿದ್ರೆ ಒಳ್ಳೆ ಸ್ಕೌಟ್ ಮಾಸ್ಟರ್ ಆಗ್ತಿದ್ರು ಅಂತ ನಂಗೆ ಅವತ್ತು ಅನ್ನಿಸ್ತು, ಇವತ್ತೂ ಅನ್ನಿಸುತ್ತೆ.

ಜನವರೀಲಿ ಎರಡು ದಿನದ ಕ್ಯಾಂಪ್ ಇದೆಯಂತೆ. ಈ ಸಲ ಯಾರು ಕರ್ಕೊಂಡು ಹೋಗ್ತಾರೆ ಅಂತ ಇನ್ನೂ ಗೊತ್ತಿಲ್ಲ, ಆದ್ರೆ ಸ್ಲಿಪ್ ಮಾತ್ರ ಬಂದಿದೆ, ಅದೇ ಅರ್ಧ ಶೀಟು, ಅದೇ ಜೆರಾಕ್ಸು. ಮಗನಿಗೆ ಹೋಗ್ಬೇಕು, ನಾನೂ ಬೇಡ ಅನ್ನಲ್ಲ. ಸ್ಲಿಪ್ ಹಿಂದುಗಡೆ ಅವನ ಬ್ಲಡ್ ಗ್ರೂಪು, ಮೂರು ಫೋನ್ ನಂಬರ್ ಬರೆದಿದೀನಿ. ಜೀಪ್ ಸಮೇತ ಎರಡೂ ದಿನ ನಾನು ಬರ್ತೀನಿ ಅಂತಾನೂ ಬರೆದಿದೀನಿ. ಮುಂದುಗಡೆ ಕೊನೇ ಸಾಲಿನ ಮೇಲೆ ಗೆರೆ ಎಳೆದು, ಅದರ ಕೆಳಗೆ ಸೈನ್ ಹಾಕಿದೀನಿ. ಹಾಗೇ ತಗೊಳ್ತೀರಾ ಇಲ್ವಾ, ಸೋಮವಾರ ಮಗನ ಕೈಲಿ ಹೇಳಿ ಕಳ್ಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಅಪ್ಪ, ಹಳೇ ಸ್ಕೌಟ್
ದಕ್ಷಿಣ ಕೊಡಗು